ಇಂಗುಗುಂಡಿ

ಹಿರಿಯೂರು ದಾಟಿ ಆರು ಕಿಲೋಮೀಟರು,
ಎರೆಹೊಲ ಕತ್ತರಿಸಿ ಮಾಡಿದ ಲೇಔಟು,
ಸೈಟು ನಂಬರು ಇಪ್ಪತ್ತೇಳು, ಮೂವತ್ತು ನಲವತ್ತು.
ನಕ್ಷೆಯಲ್ಲಿ ದೇವರಿಗೆ ಈಶಾನ್ಯ ಸಿಕ್ಕಿತು,
ಒಲೆಗೆ ಆಗ್ನೇಯ.
ಉಳಿದದ್ದು ಎಲ್ಲಿಗೆ ಹೋಗಬೇಕೆಂದು
ಯಾರೂ ಕೇಳಲಿಲ್ಲ,
ಪಂಚಾಯ್ತಿಯೊಂದನ್ನು ಬಿಟ್ಟು.

ಪರವಾನಗಿ ಅರ್ಜಿ, ಒಂಬತ್ತನೇ ಸಾಲು:
ಮಲಿನ ನೀರಿನ ವ್ಯವಸ್ಥೆ?
ಹತ್ತೊಂಬತ್ತು ವರ್ಷ ಟಿಕೇಟು ಹರಿದವಳು ನಾನು,
ಹತ್ತಿದವರನ್ನೆಲ್ಲ ಎಲ್ಲಿ ಇಳೀತೀರಿ ಎಂದು ಕೇಳುವುದೇ ಕೆಲಸ.
ಆದರೂ ಆ ಖಾಲಿ ಗೆರೆಯ ಮುಂದೆ
ಪೆನ್ನು ನಿಂತೇಬಿಟ್ಟಿತು.

ಓಬಳೇಶ ಮೇಸ್ತ್ರಿ ಹೇಳುತ್ತ ಹೋದ,
ಹಳೇ ವೇಬಿಲ್ಲಿನ ಬೆನ್ನಿಗೆ ಬರೆದುಕೊಂಡೆ:
ಜೇಸಿಬಿ ಗಂಟೆಗೆ ಸಾವಿರದಿನ್ನೂರು,
ನಾಲ್ಕಡಿ ರಿಂಗು ಹದಿಮೂರು, ಇಳಿಸುವ ಕೂಲಿ ಬೇರೆ,
ಜಲ್ಲಿ ಒಂದು ಟ್ರಾಕ್ಟರು, ಮುಚ್ಚಳ ಎರಡು,
ಗಾಳಿ ಪೈಪು, ಅದರ ತಲೆಗೆ ಸೊಳ್ಳೆಬಲೆ.
'ನಲವತ್ತೆಂಟು ಸಾವಿರ ಅಂತ ಇಟ್ಕಳಿ ಅಕ್ಕ,
ಮ್ಯಾಲೊಂದು ಹತ್ತು ಕೈಯಾಗಿರಲಿ.'
ಚಿಲ್ಲರೆ ಇಲ್ಲವೆಂದು ಜನರ ಜೊತೆ ಕಿತ್ತಾಡಿದ
ಒಂದೊಂದು ರೂಪಾಯಿಯೂ ನೆನಪಾಯಿತು.

ಗುಂಡಿ ತೋಡಲು ಪಾಲಯ್ಯ ಬಂದ.
ಅವನಪ್ಪ ಊರವರ ಗುಂಡಿಗೆಲ್ಲ ಇಳಿದು
ಒಂದು ದಿನ ಮೇಲೆ ಬರಲಿಲ್ಲ.
'ಹೊಸದಾದರೆ ಇಳೀತೀನಿ,' ಅಂದ ಮೊದಲೇ,
'ತುಂಬಿದ ಮ್ಯಾಲೆ ಲಾರಿ ಕರೀರಿ,
ನನ್ನ ಹೆಸರು ಹಿಡಿಯಬ್ಯಾಡಿ.'

ಯುಗಾದಿ ಕಳೆದ ವಾರ. ನೆಲ ಬಾಯಿ ಬಿಟ್ಟಿತ್ತು,
ಬಿರುಕಿನಲ್ಲಿ ಮುಂಗೈ ಮುಳುಗುತ್ತಿತ್ತು.
ಮೊಣಕಾಲುದ್ದದ ಹಳ್ಳ ತೋಡಿ
ಪೊರಕೆ ಕಡ್ಡಿಗೆ ಗುರುತು ಹಾಕಿ ನೆಟ್ಟ,
ಎರಡು ಕೊಡ ನೀರು ಸುರಿದ.
ಗಟಗಟ ಕುಡಿಯಿತು. ನಾನು ಹಿಗ್ಗಿದೆ.
ಅವನು ನಕ್ಕ:
'ಇದು ಕುಡಿದಿದ್ದಲ್ಲ ಕಣಕ್ಕ, ಬಿರುಕು ತುಂಬಿದ್ದು.
ಇನ್ನೂ ನಾಕು ಕೊಡ ಹುಯ್ರಿ. ನಾಳೆ ಕೇಳಾನ.'

ಮರುದಿನ ನೆಲ ಊದಿಕೊಂಡು ಬಾಯಿ ಮುಚ್ಚಿತ್ತು.
ಗಂಟೆಗೆ ಅರ್ಧ ಬೆರಳು.
ಹಳ್ಳದ ನೀರಲ್ಲಿ ನನ್ನ ಮುಖ
ಕದಲದೆ ನನ್ನನ್ನೇ ನೋಡುತ್ತಿತ್ತು.
'ಎರೆ ಅಂದ್ರೆ ಹಿಂಗೇ.
ಬೆಳೆಗೆ ತಾಯಿ, ಗುಂಡಿಗೆ ಸವತಿ.
ಹನ್ನೆರಡು ಅಡಿ ಕೆಳಗೆ ಗರಸು ಸಿಕ್ಕರೆ ಉಂಟು,
ಇಲ್ಲದಿದ್ದರೆ ಮಳೆಗಾಲದಾಗೆ
ಕೊಟ್ಟಿದ್ದನ್ನೆಲ್ಲ ವಾಪಸು ಕೊಡ್ತದೆ.'

ಅಷ್ಟರಲ್ಲಿ ಹಿಂದಿನ ಮನೆಯ ಜಬೀನಾ
ಟೇಪು ಹಿಡಿದು ಬಂದಳು, ಬಟ್ಟೆ ಅಳೆಯುವ ಟೇಪು.
ಬೋರು ಅವಳದು. ಐವತ್ತಡಿ ದೂರ ಇರಬೇಕೆಂದು
ಪಿಡಿಓ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು.
ಒಂದು ಟೇಪಿಗೆ ಐದಡಿ.
ಒಂದು ತುದಿ ಅವಳು, ಒಂದು ತುದಿ ನಾನು,
ಇಬ್ಬರೂ ಕುಕ್ಕರುಗಾಲಲ್ಲಿ ಹಿತ್ತಲು ಸವೆಸಿದೆವು.
ಆರು ಟೇಪು, ಮೇಲೊಂದು ಮೊಳ.
ಸಾಲದು.
ಅವಳು ಏನೂ ಅನ್ನಲಿಲ್ಲ, ಟೇಪು ಸುತ್ತುತ್ತ
ಮಗುವಿಗೆ ಅದೇ ನೀರು, ಅಂದಳು.

ಗೂಟ ಕಿತ್ತು ಮುಂದೆ ಮುಂದೆ ಬಂದೆವು.
ತಲೆಬಾಗಿಲ ಎದುರು, ರಂಗೋಲಿ ಬರಬೇಕಾದ ಜಾಗದಲ್ಲಿ
ಹತ್ತು ಟೇಪು, ಮೇಲೆ ನಾಲ್ಕು ಬೆರಳು.
'ಬಾಗಿಲ ಮುಂದೆ ಹೊಲಸಾ?' ಭಾವ ಸಿಡುಕಿದರು.
ಇಳಿಯೋ ಬಾಗಿಲು ಮುಂದೇ ಇರ್ತದೆ ಭಾವ, ಅಂದೆ.
ಒಂಬತ್ತನೇ ಸಾಲು ತುಂಬಿದೆ.

ಮೂರು ಸಲ ರಜೆ ಹಾಕಿ, ಎರಡು ಸಲ ನಕ್ಷೆ ತಿದ್ದಿಸಿ,
ಆಷಾಢದಲ್ಲಿ ಸೀಲು ಬಿತ್ತು.

ಹತ್ತಡಿಗೆ ಎರೆ. ಹನ್ನೊಂದಕ್ಕೂ ಎರೆ.
ಮೇಲೆ ನಾನು, ಜಬೀನಾ, ಸೊಂಟಕ್ಕೆ ಅವಳ ಮಗು.
ಒಳಗಿನಿಂದ ಹಾರೆಯ ಸದ್ದು ಬದಲಾಯಿತು,
ಮೆತ್ತಗಿದ್ದದ್ದು ಖಣ್ಣೆಂದಿತು.
ಪಾಲಯ್ಯ ಬುಟ್ಟಿಯಲ್ಲಿ ಒಂದು ಹಿಡಿ ಕಳಿಸಿದ.
ಕೆಂಪಗೆ, ಪುಡಿಪುಡಿ, ಬೆರಳ ಸಂದಿಯಲ್ಲಿ ಸೋರುವಂಥದ್ದು.
ಸಂಜೆ ಡ್ಯೂಟಿಗೆ ಹೋದಾಗ
ಚಿಲ್ಲರೆ ಕೊಡಲು ಚೀಲಕ್ಕೆ ಕೈ ಹಾಕಿದರೆ
ನಾಣ್ಯದ ಜೊತೆ ಅದೂ ಬಂತು.