ಮೂರು ಕಾಲಕ್ಕೂ ಒಂದೇ

ಶಿಡ್ಲಘಟ್ಟ. ಎಂಟನೇ ಕ್ಲಾಸು, ಊಟದ ನಂತರದ ಪೀರಿಯಡ್ಡು.
ಬಿಸಿಯೂಟದ ಸಾರಿನ ಘಮ ಇನ್ನೂ ಬೆಂಚುಗಳ ಮೇಲಿದೆ.
ಕಿಟಕಿಯಿಂದ ಬರುವುದು ಇನ್ನೊಂದು,
ಬೆಂದ ಹುಳುವಿನದು. ಹೊರಗಿನವರು ಮೂಗು ಮುಚ್ಚುತ್ತಾರೆ,
ಇಲ್ಲಿ ಹುಟ್ಟಿದವರಿಗೆ ಅದು ವಾಸನೆಯಲ್ಲ, ಗಾಳಿ.

ಬೋರ್ಡಿನ ಮೇಲೆ ಬರೆದೆ: ಕಟ್, ಕಟ್, ಕಟ್.
'ಗೋ' ವೆಂಟ್ ಆಗುತ್ತೆ, 'ಕಮ್' ಕೇಮ್ ಆಗುತ್ತೆ,
ಇದು ಮಾತ್ರ ಬದಲಾಗಲ್ಲ.
ಇವತ್ತು ಕೊಯ್ದರೂ ಇದೇ, ನಿನ್ನೆ ಕೊಯ್ದಿದ್ದಕ್ಕೂ ಇದೇ,
ಗಾಯ ಮಾಯ್ದು ಕಲೆ ಉಳಿದ ಮೇಲೂ ಇದೇ.
'ಪುಣ್ಯ, ಒಂದಾದರೂ ಸುಲಭ' ಅಂದ ಗಗನ್.

ವಾಕ್ಯ ಮಾಡಿ ಅಂದೆ. ಮಾಡಿದರು, ನೀವು ಕೇಳಬೇಕಿತ್ತು.
ಕರೆಂಟ್ ಕಟ್. ಫೋನ್ ಕಟ್.
ಹೊಸ ಕಟಿಂಗಿನ ಗೀಟು ತೋರಿಸಲು
ಬೋರ್ಡಿಗೆ ಬೆನ್ನು ಹಾಕಿ ನಿಂತ ಒಬ್ಬ.
ಹಂಡಿಗನಾಳದಿಂದ ನಡೆದು ಬರುವವಳಿಗೆ
ಜಾಲಿಮುಳ್ಳಿನ ಮಧ್ಯೆ ಶಾರ್ಟ್ ಕಟ್.
ಕ್ಲಾಸ್ ಕಟ್ ಅಂದವನು ನಾಲಿಗೆ ಕಚ್ಚಿಕೊಂಡ,
ಎಲ್ಲರೂ ನಕ್ಕರು, ನಾನೂ.
ನನ್ನ ವಾಕ್ಯ ನಾನು ಹೇಳಲಿಲ್ಲ:
ಗೆಸ್ಟ್ ಟೀಚರು. ರಜೆಯ ಎರಡು ತಿಂಗಳು ಸಂಬಳ.

ಆಗ ಎದ್ದಳು ಜಬೀನಾ, ಕೊನೆಯ ಬೆಂಚು,
ಸೋಮವಾರಗಳಲ್ಲಿ ಕಾಣಿಸದವಳು:
'ಮಿಸ್, ದಾರ ಕಟ್ಟಾದ್ರೆ ಕಟ್ಬೇಕು.'

'ಅದು ಅರ್ಧ ಕನ್ನಡ, ಮಾರ್ಕ್ಸ್ ಇಲ್ಲ' ಅಂದರು ಯಾರೋ.
ನಾನು ಚಾಕ್ ಕೆಳಗಿಟ್ಟೆ.

ನಮ್ಮಮ್ಮನ ತೆಲುಗಲ್ಲಿ ಕಟ್ಟು ಅಂದರೆ
ಮೂಟೆಗೆ ಹಗ್ಗ, ಹೆಣ್ಣಿಗೆ ತಾಳಿ, ಗೋಡೆಗೆ ಕಲ್ಲು.
ಇವಳಮ್ಮಿಯ ಉರ್ದುವಿನಲ್ಲಿ ಕಟ್ ಗಯಾ ಅಂದರೆ
ಮುಗಿಯಿತು, ಹೋಯಿತು, ಹುಡುಕಬೇಡ.
ಮಧ್ಯೆ ನಮ್ಮ ಕನ್ನಡ,
ಬಿಲ್ ಕಟ್ಟದಿದ್ದರೆ ಕರೆಂಟ್ ಕಟ್ ಅಂತ
ಒಂದೇ ಉಸಿರಲ್ಲಿ ಗಂಟು ಹಾಕಿ ಬಿಚ್ಚುವುದು.
ಒಂದು ಬೀದಿಯ ಉದ್ದ ನಡೆದರೆ ಸಾಕು,
ಒಂದೇ ಶಬ್ದ ಮೂರು ಸಲ ಮನಸ್ಸು ಬದಲಾಯಿಸುತ್ತದೆ.

'ಹೇಗೆ ಕಟ್ತೀಯ?' ಕೇಳಿದೆ.
ಅವಳು ಗಾಳಿಯಲ್ಲೇ ತೋರಿಸಿದಳು.
ಎಂಟು ಗೂಡಿನ ಎಂಟು ಎಳೆ ಸೇರಿ ಒಂದು ದಾರ, ಮಿಸ್.
ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ.
ಎಳೆ ಹೋದರೆ ರಾಟೆ ನಿಲ್ಲಿಸಂಗಿಲ್ಲ,
ತಿರುಗ್ತಾ ಇರುವಾಗಲೇ ಹೊಸ ತುದಿ ಎಸೀಬೇಕು, ಅದೇ ಅಂಟಿಕೊಳ್ಳುತ್ತೆ.
ದಾರವೇ ಹೋದರೆ ಗಂಟು. ಚಿಕ್ಕದು.
ಗಂಟು ಕಂಡರೆ ರೇಟ್ ಕಟ್.

ಬೆರಳ ತುದಿಗಳು ನೋಡಿದೆ,
ನೆನೆಸಿಟ್ಟ ಅವರೆಕಾಳಿನ ಸಿಪ್ಪೆಯ ಹಾಗೆ ಬೆಳ್ಳಗೆ.
ನನ್ನ ಮೇಜಿನ ಡ್ರಾಯರಿನಲ್ಲಿತ್ತು ಹೆಡ್‌ಮಾಸ್ಟರ ಚೀಟಿ:
ಸತತ ಗೈರುಹಾಜರಿ, ಹೆಸರು ಕಟ್ ಮಾಡಲು ಪಟ್ಟಿ ಕೊಡಿ.

ಅವಳಿನ್ನೂ ಕೂತಿರಲಿಲ್ಲ.
'ಮಿಸ್, ಹುಳ ಗೂಡು ಕಟ್ಟುತ್ತೆ.
ಬಿಸಿನೀರಿಗೆ ತಪ್ಪಿಸಿಕೊಂಡ ಪತಂಗ ಅದನ್ನೇ ಕಟ್ ಮಾಡ್ಕೊಂಡು ಆಚೆ ಬರುತ್ತೆ.
ಅಂಥಾ ಗೂಡಲ್ಲಿ ನೂಲು ಬರಲ್ಲ, ಅಬ್ಬಾ ಪಕ್ಕಕ್ಕೆ ಎಸೀತಾರೆ.
ಅದು ಪಾಸ್ಟಾ, ಪ್ರೆಸೆಂಟಾ?'

ಗೈಡು ತಿರುವಿದೆ, ಸುಮ್ಮನೆ, ಹುಡುಕುವವಳ ಹಾಗೆ.
ನಾಳೆ ಹೇಳ್ತೀನಿ ಅಂದೆ. ನಾಳೆ ಸೋಮವಾರವಲ್ಲ.

ಶಾಲೆ ಬಿಟ್ಟ ಮೇಲೆ ಬಯಲಲ್ಲಿ ಕೂಗು:
ಪತಂಗ್ ಕಟ್ ಗಯಾ, ಪತಂಗ್ ಕಟ್ ಗಯಾ!
ಚಿಟ್ಟೆಯಲ್ಲ, ಗಾಳಿಪಟ.
ನೀರಿನ ಟ್ಯಾಂಕಿನಾಚೆ ವಾಲುತ್ತಾ ಹೋಯಿತು,
ಹಿಂದೆ ಇಡೀ ಎಂಟನೇ ಕ್ಲಾಸು.
ಜಬೀನಾ ಓಡಲಿಲ್ಲ.
ಧೂಳಲ್ಲಿ ಬಿದ್ದ ದಾರದ ತುಂಡುಗಳ ಆರಿಸಿ
ತುದಿಗೆ ತುದಿ ಸೇರಿಸಿ ಗಂಟು ಹಾಕಿ
ಮಿಕ್ಕಿದ್ದನ್ನು ಹಲ್ಲಲ್ಲಿ ಕಟ್ ಮಾಡಿ ಉಗಿದಳು.

ಎಳೆದು ನೋಡಿದಳು.
ಇನ್ನೊಂದು ಸಲ ಎಳೆದು ನೋಡಿದಳು.