ಕೈಯ ಸದ್ದು

ಮೊದಲ ದಿನದ್ದು ಪೂರ್ತಿ ಹಾಳು.
ಕ್ಯಾಮೆರಾದ ತಲೆ ಮೇಲೆ ಕೂತಿದ್ದ ರೆಕಾರ್ಡರು
ಎರ್ಮೀನಿಯು ಮೇಸ್ತ್ರಿಯ ಗಂಟೆಗಳನ್ನು ಬಿಟ್ಟು
ನನ್ನನ್ನೇ ಕೇಳಿಸಿಕೊಂಡಿದೆ:
ಫೋಕಸ್ಸಿನ ಬಳೆ ತಿರುಗಿಸಿದ ಬೆರಳ ಕೆರೆತ,
ಭುಜದ ಪಟ್ಟಿಯ ಕೊಂಡಿ ಟಕ್ಕೆಂದದ್ದು,
ಹಿಡಿತ ಬದಲಿಸಿದಾಗಲೆಲ್ಲ
ಅಟ್ಟದ ಮೇಲೆ ಯಾರೋ ಪೆಟ್ಟಿಗೆ ಎಳೆದಂಥ ಗುಡುಗು.
ಮತ್ತೆ ಒಂದು ಉಂಗುರ, ಲೋಹಕ್ಕೆ ತಾಗಿ ತಾಗಿ,
ಹನ್ನೆರಡು ನಿಮಿಷದಲ್ಲಿ ನಲವತ್ತೊಂದು ಸಲ.
ಎಣಿಸಿದೆ.

ರಾತ್ರಿ ಬಾಡಿಗೆ ಕೋಣೆಯ ಕಿಟಕಿ ತೆರೆದರೆ
ಅಲೆಂತೇಜೊ ಬಯಲಿನ ಕಾರ್ಕ್ ಮರಗಳಡಿ
ಕತ್ತಲಲ್ಲೂ ಮೇಯುವ ಕುರಿಗಳ ಕೊರಳು
ಒಂದೊಂದೂ ಬಿಡಿಬಿಡಿಯಾಗಿ, ಶುಭ್ರವಾಗಿ,
ಯಾರ ಕೈಯೂ ಸೋಕದೆ.
ಹೊಟ್ಟೆ ಉರಿಯಿತು.
ಕೂದಲಿಗೆ ಹಾಕುವ ರಬ್ಬರು ನಾಲ್ಕು,
ಬಿಸ್ಕತ್ತಿನ ಡಬ್ಬದ ಅಂಚು ಕತ್ತರಿಸಿದ ಚೌಕಟ್ಟು,
ನಡುವೆ ರೆಕಾರ್ಡರನ್ನು ತೂಗುಹಾಕಿದೆ
ಬಲೆಗೆ ಬಿದ್ದ ಜೀರುಂಡೆಯ ಹಾಗೆ.
ಕ್ಯಾಮೆರಾವನ್ನು ತಟ್ಟಿದೆ.
ಅದು ನಡುಗಿತು; ಚಾಡಿ ಹೇಳಲಿಲ್ಲ.

ಬೆಳಿಗ್ಗೆ ಉಂಗುರ ತೆಗೆದು
ಸಾಬೂನಿನ ಡಬ್ಬಿಯಲ್ಲಿಟ್ಟು ಹೊರಟೆ.

ನನ್ನ ರಬ್ಬರಿನ ಉಯ್ಯಾಲೆ ನೋಡಿ ಮುದುಕ ನಕ್ಕ:
‘ಇಷ್ಟು ತಿಳಿಯಲು ಒಂದು ದಿನ ಬೇಕಾಯಿತೆ?
ಹಿಡಿದ ಗಂಟೆ ಮೂಗಿ.
ಅದಕ್ಕೇ ಅಲ್ಲವೆ ತೊಗಲಿನ ಪಟ್ಟಿ!’
ಅಂಗೈಯಲ್ಲಿ ಅಮುಕಿ ಹೊಡೆದ: ದಡ್.
ಪಟ್ಟಿಯಲ್ಲಿ ಇಳಿಬಿಟ್ಟು ಹೊಡೆದ:
ಕೊಟ್ಟಿಗೆಯ ನಾಯಿ ತಲೆಯೆತ್ತಿ ನೋಡಿ
ಮತ್ತೆ ಮಲಗುವಷ್ಟು ಹೊತ್ತು ಉಳಿಯಿತು.

ಆಮೇಲೆ ನಾನು ಕ್ಯಾಮೆರಾ ಮುಟ್ಟಲಿಲ್ಲ.
ಮೂರು ಕಾಲಿನ ಮೇಲೆ ಅದು ನಿಂತಿತು,
ಕೈಕಟ್ಟಿ ನಾನು ನಿಂತೆ.
ಕೈಕಟ್ಟುವುದೂ ಒಂದು ಕೆಲಸ;
ಮೊಣಕೈ ತುರಿಸುತ್ತದೆ, ಕೋಟು ಮಿಸುಕುತ್ತದೆ,
ಉಸಿರನ್ನು ಮೂಗಿನ ಯಾವ ಹೊಳ್ಳೆಯಲ್ಲಿ ಬಿಡುವುದೆಂದು
ಯೋಚಿಸಬೇಕಾಗುತ್ತದೆ.
ಮಡಿಸಿದ ಕಬ್ಬಿಣದ ತಗಡಿಗೆ ಹಿತ್ತಾಳೆ ಚೂರು ತುರುಕಿ,
ಹುಲ್ಲು ಬೆರೆಸಿದ ಮಣ್ಣಿನಲ್ಲಿ ಸುತ್ತಿ,
ಕುಲುಮೆಗೆ ಕೊಟ್ಟ. ತೆಗೆದ. ಒಡೆದ.
ಮಣ್ಣಿನೊಳಗಿಂದ ಹೊಂಬಣ್ಣದ್ದೊಂದು ಹೊರಬಂತು,
ಇನ್ನೂ ಬೇಸೂರು.
ಸುತ್ತಿಗೆಯಲ್ಲಿ ಸೊಂಟಕ್ಕೊಂದು, ಅಂಚಿಗೆರಡು,
ಮತ್ತೆ ಗಂಟೆಯ ಅಂಚನ್ನು
ತನ್ನ ದವಡೆಯ ಮೂಳೆಗೆ ಒತ್ತಿ
ಮೆಲ್ಲಗೆ ತಟ್ಟಿದ,
ಕಣ್ಣು ಮುಚ್ಚಿ.

ಮೊಮ್ಮಗಳು ಜಸಿಂತಾ ಪಿಸುಗುಟ್ಟಿದಳು
(ರೆಕಾರ್ಡರು ಅದನ್ನೂ ಹಿಡಿದಿದೆ):
‘ಏಳು ವರ್ಷವಾಯಿತು.
ಗಾಳಿಯಲ್ಲಿ ಬರುವುದು ಯಾವುದೂ ತಾತನಿಗೆ ಸೇರುವುದಿಲ್ಲ.
ಮಾತು ತುಟಿಯಿಂದ. ಗಂಟೆ ಮೂಳೆಯಿಂದ.’

ನಾನೋ, ರಾತ್ರಿಯೆಲ್ಲ ಕೂತು
ಮುಟ್ಟಿದ ದಾರಿಯೊಂದನ್ನೇ ಕಡಿದು ಬಂದವಳು.

ಸಂಜೆ ಹೆಡ್‌ಫೋನು ಕೊಟ್ಟೆ.
ಮರ್ಯಾದೆಗೆ ತಲೆಯಾಡಿಸಿ ತೆಗೆದಿಟ್ಟ.
ಏನನ್ನಿಸಿತೋ, ಹಾಳಾದ ಮೊದಲ ದಿನದ್ದನ್ನು ಹಾಕಿ
ದನಿ ತುದಿಮುಟ್ಟ ಏರಿಸಿ
ಒಂದು ಬಟ್ಟಲನ್ನು ಅವನ ದವಡೆಗೆ ಒತ್ತಿ ಹಿಡಿದೆ.
ಹುಬ್ಬು ಗಂಟಾಯಿತು. ಆಮೇಲೆ ಬಿಚ್ಚಿಕೊಂಡಿತು.
‘ಇದು ನೀನು.
ಎಡಗೈ ಸೋತಿದೆ. ನಡುನಡುವೆ ಬಲಗೈಗೆ ದಾಟಿಸುತ್ತೀ.
ಇಲ್ಲಿ ನಿನಗೆ ಬೇಜಾರು.
ಇಲ್ಲಿ, ನಾನು ಏನೋ ಒಳ್ಳೆಯದು ಮಾಡಿರಬೇಕು,
ಉಸಿರು ಹಿಡಿದಿದ್ದೀ.’
ಇನ್ನೂ ಸ್ವಲ್ಪ ಕೇಳಿ,
ಅಲ್ಲ, ಮುಟ್ಟಿಸಿಕೊಂಡು,
‘ಈ ಟಿಕ್ ಟಿಕ್ ಯಾವುದು?
ಲೋಹ. ತೆಳ್ಳಗಿದೆ. ಬಿರುಕೇನಾದರೂ?’

‘ಉಂಗುರ’ ಎಂದೆ.
ತುಟಿ ಓದಿದ.
ನನ್ನ ಬೆರಳಿನ ಬಿಳಿ ಗೆರೆ ನೋಡಿದ.
ಸುತ್ತಿಗೆ ಹುಡುಕುವವನಂತೆ
ಆ ಕಡೆ ತಿರುಗಿದ.

ಚಿತ್ರದಲ್ಲಿರುವುದು ಎರಡನೆಯ ದಿನದ ಸದ್ದು;
ಚೆನ್ನಾಗಿದೆ ಎನ್ನುತ್ತಾರೆ, ಹೌದು, ಚೆನ್ನಾಗಿದೆ.
ಮೊದಲ ದಿನದ್ದನ್ನು ಅಳಿಸಿಲ್ಲ.
ಮುಖ ತೊಳೆಯಲು ಮಾತ್ರ
ಬೀದಿ ಮೂಲೆಯ ಅಂಗಡಿಯಲ್ಲಿ
ಬೇರೆ ಸಾಬೂನು ಕೊಂಡೆ.