ಎಪ್ಪತ್ತೆರಡೂವರೆ

ಗೋಣಿಚೀಲ ಬಿಚ್ಚಿ ಮೇಜಿನ ಮೇಲಿಟ್ಟ
ಇಮಾಮಸಾಬ ನದಾಫ, ಹಿಪ್ಪರಗಿ ಕಡೆಯವನು,
ಏತ ನೀರಾವರಿ ಸಂಘದ ಆಪರೇಟರು:
‘ಐವತ್ತು ಎಚ್‌ಪಿ ರೀ. ಹಳೇದೂ ಐವತ್ತ, ಇದೂ ಐವತ್ತ.
ಒಂದ ಹಂಗಾಮಿಗೆ ಹಿಂಗಾತು.’

ಚೀಲದೊಳಗೆ ಒಂದು ಇಂಪೆಲ್ಲರ್.
ತಾಟಿನಷ್ಟು ಸುತ್ತು, ಅಂಚಿನ ಬಾಯಿ ಬೆರಳಗಲ,
ಎಸಳಿಗೆಲ್ಲ ಗೆದ್ದಲು ಹೊಕ್ಕ ಹಾಗೆ ತೂತು.

ಮಾನಪ್ಪ ಬಡಿಗೇರ ಕನ್ನಡಕ ಹುಡುಕಲಿಲ್ಲ.
ನಲವತ್ತು ವರ್ಷ ಉದ್ಯಮಬಾಗದಲ್ಲಿ ಸಾಗವಾನಿ ಕೆತ್ತಿ
ಎರಕಕ್ಕೆ ಅಚ್ಚು ಕೊಟ್ಟ ಕೈ;
ಕಬ್ಬಿಣ ಆರಿದಾಗ ಕುಗ್ಗುತ್ತದೆಂದು
ಅವನ ಅಳತೆಪಟ್ಟಿ ಮೊದಲೇ ಒಂದಿಷ್ಟು ಸುಳ್ಳು ಹೇಳುತ್ತದೆ.
ಹೆಬ್ಬೆರಳು ನಡುವಿನ ಕಣ್ಣಿಗೆ, ಕಿರುಬೆರಳು ಅಂಚಿಗೆ ಚಾಚಿ
ಅಂದ: ‘ಇದು ಏರಾಕ ಹುಟ್ಟಿದ್ದು. ನೀವು ಬಯಲಾಗ ಓಡಿಸೀರಿ.’

ನನ್ನ ಕಡೆ ತಿರುಗಿದ: ‘ಲೆಕ್ಕಾ ಹಾಕವ್ವಾ.’

ಹಾಕಿದೆ. ನದಿಯಿಂದ ಕಾಲುವೆಗೆ ಹದಿನಾರು ಮೀಟರು,
ಸೆಕೆಂಡಿಗೆ ನೂರಾ ಅರವತ್ತು ಲೀಟರು.
ಹದಿನಾರರ ಮೂಲ ನಾಲ್ಕು, ನಾಲ್ಕರ ಮೂಲ ಎರಡು,
ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು.
ಎತ್ತರಕ್ಕೆ ಮುಕ್ಕಾಲು ಘಾತ, ನೀರಿಗೆ ಅರ್ಧ;
ಯಾಕೆಂದು ಕಾಲೇಜಿನಲ್ಲಿ ಬರೆದಿದ್ದೆ, ಪಾಸೂ ಆಗಿದ್ದೆ.
ಸಾವಿರದ ನಾನೂರೈವತ್ತು ಸುತ್ತಿನ ಮೋಟರಿಗೆ
ಉಳಿದದ್ದು ಎಪ್ಪತ್ತೆರಡೂವರೆ.

ನಿರ್ದಿಷ್ಟ ವೇಗ ಅನ್ನುತ್ತೇವೆ. ಯಾರ ವೇಗ?
ಇದೇ ಮುಖದ, ಎಲ್ಲೂ ಇಲ್ಲದ ಇನ್ನೊಂದು ಪಂಪಿನದು:
ಒಂದೇ ಮೀಟರು ಎತ್ತರಕ್ಕೆ, ಸೆಕೆಂಡಿಗೆ ಒಂದು ಘನಮೀಟರು
ಎತ್ತುತ್ತ, ನಿಧಾನ, ಕಾಗದದಲ್ಲಿ ತಿರುಗುತ್ತಿರುತ್ತದೆ.
ಅದರ ಹೋಲಿಕೆ ಹೊತ್ತೇ ಬರುತ್ತವೆ ಇವು,
ದೊಡ್ಡದಾಗಲಿ ಸಣ್ಣದಾಗಲಿ, ಮೂಗು ಒಂದೇ.

ಚೀಲದಲ್ಲಿದ್ದದ್ದು ಹದಿಮೂರು.
ಅರವತ್ತನಾಲ್ಕು ಮೀಟರು ಹತ್ತಬೇಕಾದ್ದು
ಹದಿನಾರಕ್ಕೇ ನಿಂತು, ಎದುರು ಒತ್ತುವವರಿಲ್ಲದೆ,
ತಾಳಲಾರದಷ್ಟು ನೀರು ಕುಡಿದು
ತನ್ನದೇ ಗುಳ್ಳೆಗಳಿಂದ ಕಚ್ಚಿಸಿಕೊಂಡಿತ್ತು.
ಐವತ್ತು ಎಚ್‌ಪಿ ಸುಳ್ಳಲ್ಲ.
ಐವತ್ತು ಯಾವುದಕ್ಕೆಂದು ಯಾರೂ ಕೇಳಿರಲಿಲ್ಲ.

ಮಾನಪ್ಪ ಆಗಲೇ ಹಲಗೆಯ ಮೇಲೆ ಪೆನ್ಸಿಲು ಎಳೆಯುತ್ತಿದ್ದ:
ಕಣ್ಣು ಅಗಲ, ಎಸಳು ಸೊಂಟ ತಿರುಚಿದ್ದು,
ನೀರು ಅಡ್ಡಕ್ಕೂ ಅಲ್ಲ, ನೇರಕ್ಕೂ ಅಲ್ಲ,
ಓರೆಯಾಗಿ ಹೊರಬೀಳುವಂಥದು.
ನನ್ನ ಅಂಕಿ ನೋಡಲೇ ಇಲ್ಲ.
ಗೆರೆ ಮುಗಿದ ಮೇಲೆ ಅಳೆದೆ. ಎಪ್ಪತ್ತರ ಆಸುಪಾಸು.

ಇಮಾಮಸಾಬ ಚೀಲ ಮಡಚಲಿಲ್ಲ.
‘ಇದರ ತೂತು ತುಂಬಿಸಿ ಕೊಡ್ರಿ. ನಮ್ಮ ಬೀಗರ ಹೊಲ
ಗುಡ್ಡದ ಮ್ಯಾಲೆ ಐತಿ.
ಅರವತ್ತು ಮೀಟರ ಆದೀತೇನ?’